ಎರೆಮಣ್ಣಿನ ಆರು ಟ್ಯಾಂಕುಗಳು

ಹಿಟ್ಟು ನಾದುವ ನನ್ನ ದೊಡ್ಡ ಪರಾತ ಭಾನುವಾರ ಬಂತೆಂದರೆ ಗುಡ್ಡವಾಗುತ್ತಿತ್ತು. ನಮ್ಮವರು ಅದನ್ನು ಪ್ಲೈವುಡ್ ಹಲಗೆಯ ನಡುವೆ ಬೋರಲು ಹಾಕಿ, ಮೇಲೆ ಹಸಿರು ಬಟ್ಟೆ ಹೊದಿಸಿ, ತೆಂಗಿನ ನಾರಿನ ನಾಲ್ಕು ಗಿಡ ನಿಲ್ಲಿಸಿದರೆ ಮುಗಿಯಿತು. ಮಧ್ಯಾಹ್ನದವರೆಗೆ ಆ ಗುಡ್ಡವನ್ನು ಯಾರೂ ಎತ್ತುವಂತಿಲ್ಲ. ರೊಟ್ಟಿ ಬೇಕಿದ್ದರೆ ಊಟದ ತಾಟಿನಲ್ಲಿ ಹಿಟ್ಟು ನಾದಿಕೊಳ್ಳಬೇಕು. ನಾದುವವಳು ನಾನೇ.

ನಮ್ಮವರು ರಬಕವಿಯ ಒಂದು ಹೈಸ್ಕೂಲಿನಲ್ಲಿ ಡ್ರಾಯಿಂಗ್ ಮಾಸ್ತರರು. ಅವರಿಗೆ ಈ ಟ್ಯಾಂಕಿನ ಆಟದ ಹುಚ್ಚು ಹಿಡಿಸಿದವರು ಲೋಕಾಪುರದ ಒಬ್ಬ ಮಾಜಿ ಸೈನಿಕರು. ಸೈನ್ಯದಲ್ಲಿ ಖರೇ ಟ್ಯಾಂಕಿನೊಳಗೆ ಕೂತು ಬಂದ ಮನುಷ್ಯ. ನಮ್ಮ ಮನೆಯಲ್ಲಿ ಎಲ್ಲರೂ ಅವರನ್ನು ಫೌಜಿಯವರು ಎಂದೇ ಕರೆಯುತ್ತೇವೆ. ಮೂರನೆಯವರು ಮುಧೋಳದಲ್ಲಿ ಬ್ಯಾಂಕಿನ ಕೆಲಸದಲ್ಲಿರುವ ಸಾಹೇಬರು. ಇಬ್ಬರು ಆಡಿದರೆ ಒಬ್ಬರು ಅಂಪೈರು. ಭಾನುವಾರ ಹತ್ತಕ್ಕೆಲ್ಲ ಬಸ್ಸಿಳಿದು ಬಂದು ಪಡಸಾಲೆಯಲ್ಲಿ ಕೂಡುತ್ತಿದ್ದರು. ಎರಡು ವರ್ಷ ಅವರಿಗೆ ಚಹಾ, ಚುರುಮುರಿ ಸೂಸಲ, ಮಿರ್ಚಿ ಒದಗಿಸಿದವಳು ನಾನು.

ಆಟ ತಿಳಿಯದವರಿಗೆ ನೇರವಾಗಿ ಹೇಳಿಬಿಡುತ್ತೇನೆ. ಹಲಗೆಯ ಎರಡು ತುದಿಗೆ ಇಬ್ಬರು ಕೂಡುತ್ತಾರೆ. ಒಬ್ಬೊಬ್ಬರಿಗೆ ಬೆರಳುದ್ದದ ಆರು ಟ್ಯಾಂಕು. ಪಾಳಿಯ ಮೇಲೆ ಆಡಬೇಕು. ಒಂದು ಪಾಳಿಯಲ್ಲಿ ಒಂದೊಂದು ಟ್ಯಾಂಕೂ ಎಂಟು ಇಂಚಿನವರೆಗೆ ಸರಿಯಬಹುದು, ಆಮೇಲೆ ಗುಂಡು ಹಾರಿಸಬಹುದು. ತಾಗಿತೋ ಇಲ್ಲವೋ ಎಂಬುದನ್ನು ಎರಡು ದಾಳ ಹೇಳುತ್ತವೆ. ನಿಂತಲ್ಲಿಂದ ಹೊಡೆದರೆ ಏಳು ಅಥವಾ ಮೇಲೆ ಬಿದ್ದರೆ ಸಾಕು. ಸರಿದು ಹೊಡೆದರೆ ಒಂಬತ್ತು ಬೇಕು. ಟ್ಯಾಂಕಿನ ಎದೆ ದಪ್ಪ, ಪಕ್ಕೆ ತೆಳು, ಬೆನ್ನು ಇನ್ನೂ ತೆಳು. ಎದೆಗೆ ಬಡಿದ ಗುಂಡು ಬಹಳ ಸಲ ಸಿಡಿದು ಹೋಗುತ್ತದೆ. ಪಕ್ಕೆಗೋ ಬೆನ್ನಿಗೋ ಬಡಿದರೆ ಆ ಟ್ಯಾಂಕು ಹೋದಂತೆಯೇ. ಎಂಟು ಪಾಳಿ ಮುಗಿದಾಗ ನಡುವಿನ ಗುಡ್ಡದ ಮೇಲೆ ಯಾರ ಟ್ಯಾಂಕು ಹೆಚ್ಚಿವೆಯೋ ಅವರು ಗೆದ್ದರು. ಒಬ್ಬರ ಆರೂ ಹೋದರೆ ಅವರು ಸೋತಂತೆಯೇ.

ಚಹಾದ ತಾಟು ಹಿಡಿದು ನಿಂತವಳಿಗೆ ಕೂತವರಿಗಿಂತ ಹೆಚ್ಚು ಕಾಣುತ್ತದೆ. ನನಗೆ ಮೊದಲು ಕಂಡದ್ದು ಈ ಗಂಡಸರ ಅವಸರ. ಮೊದಲ ಪಾಳಿಗೇ ಮುಂದೆ ನುಗ್ಗುವುದು, ಸರಿದು ಹೊಡೆಯುವುದು, ಒಂಬತ್ತು ಬೀಳಲಿಲ್ಲವೆಂದು ದಾಳಕ್ಕೆ ಬೈಯುವುದು. ಕೆಲವೊಮ್ಮೆ ದೇವರಿಗೂ ಒಂದು ಮಾತು ಬರುತ್ತಿತ್ತು. ಅದು ನನಗೆ ಸೇರುತ್ತಿರಲಿಲ್ಲ. ಒಂದು ಬೆಳಿಗ್ಗೆ ಅಂಗಳಕ್ಕೆ ರಂಗೋಲಿ ಹಾಕುವಾಗ ಚುಕ್ಕೆಯಿಟ್ಟು ಎಣಿಸಿದೆ. ಎರಡು ದಾಳ ಮೂವತ್ತಾರು ಬಗೆಯಲ್ಲಿ ಬೀಳಬಹುದು. ಏಳು ಮತ್ತು ಮೇಲಿನದು ಇಪ್ಪತ್ತೊಂದು ಬಗೆ, ಒಂಬತ್ತು ಮತ್ತು ಮೇಲಿನದು ಹತ್ತೇ ಬಗೆ. ನಿಂತು ಹೊಡೆಯುವವನಿಗೆ ಓಡುತ್ತ ಹೊಡೆಯುವವನಿಗಿಂತ ಎರಡು ಪಟ್ಟು ಅವಕಾಶ ಕೊಟ್ಟ ಮೇಲೆ ಇದರಲ್ಲಿ ದೇವರ ತಪ್ಪೇನು? ಹೊಸದಾಗಿ ಆಡುವವರಿಗೆ ನನ್ನ ಮೊದಲ ಮಾತು ಇದೇ: ಸುಮ್ಮನೆ ನಿಲ್ಲುವುದನ್ನು ಕಲಿಯಿರಿ. ಎದುರಿನವನು ಬರಲಿ.

ಒಂದು ಭಾನುವಾರ ಬ್ಯಾಂಕಿನ ಸಾಹೇಬರಿಗೆ ಜ್ವರ. ಅಂಪೈರಿಲ್ಲದೆ ಆಟ ನಿಲ್ಲುವಂತಾಯಿತು. “ಏ, ನೀ ಬಂದು ಟೇಪ್ ಹಿಡಿ ಬಾ,” ಎಂದು ನಮ್ಮವರು ಕರೆದರು. ಟೇಪು ಹಿಡಿದೆ. ಗುಂಡು ಇಪ್ಪತ್ನಾಲ್ಕು ಇಂಚಿನವರೆಗೆ ಹೋಗುತ್ತದೆ. ಆದರೆ ಮೊದಲು ಹೊಡೆಯುತ್ತೇನೆ ಎಂದು ಹೇಳಬೇಕು, ಆಮೇಲೆ ಅಳೆಯಬೇಕು. ಇಪ್ಪತ್ತೈದು ಇಂಚು ಇದ್ದರೆ ಆ ಗುಂಡು ದಂಡ. ಇಬ್ಬರೂ ಕಣ್ಣು ಕಿರಿದು ಮಾಡಿ, ತಲೆ ಓರೆ ಮಾಡಿ, ಅಂದಾಜು ಹಾಕಿ ತಪ್ಪುತ್ತಿದ್ದರು. ನನ್ನ ಗೇಣು ಸರಿಯಾಗಿ ಎಂಟು ಇಂಚು. ಜಂಪರಿನ ಬಟ್ಟೆ, ಕಿಟಕಿಯ ಪರದೆ, ದೇವರ ಜಗುಲಿಯ ಮೇಲಿನ ಹಾಸು, ಎಲ್ಲವನ್ನೂ ನಾನು ಗೇಣಿನಲ್ಲೇ ಅಳೆದವಳು. ಮೂರು ಗೇಣು ಎಂದರೆ ಎಷ್ಟು ದೂರ ಎಂದು ಕೈ ಇಡದೆಯೇ ಗೊತ್ತಾಗುತ್ತದೆ. ಆ ದಿನ ಟೇಪು ಬಿಚ್ಚುವ ಮೊದಲೇ ನಾನು ಮನಸ್ಸಿನಲ್ಲಿ ಹೇಳಿಕೊಂಡಿದ್ದು ಹನ್ನೊಂದು ಸಲಕ್ಕೆ ಹತ್ತು ಸಲ ನಿಜವಾಯಿತು. ಆ ಹತ್ತನ್ನೂ ದೇವರು ಕೊಟ್ಟದ್ದೆಂದೇ ತಿಳಿದೆ.

ಮುಂದಿನ ವಾರ ಬಾಯಿಬಿಟ್ಟೆ.

“ನಾನೂ ಒಂದ್ ಆಟಾ ಆಡ್ತೇನ್ರಿ.”

ಬ್ಯಾಂಕಿನ ಸಾಹೇಬರು ನಕ್ಕರು. “ವೈನಿ, ನೀವು ಆಡಾಕ ಕುಂತ್ರ ಚಾ ಯಾರ್ ಮಾಡವ್ರು?”

“ಸೋತವ್ರು ಮಾಡ್ಲಿ.”

ನಮ್ಮವರಿಗೆ ನಗು ಬರಲಿಲ್ಲ. “ಲೇ, ಟ್ಯಾಂಕ್ ಮಾತ್ರ ಮುಟ್ಟಬ್ಯಾಡ ನೋಡು. ತಿಂಗಳಗಟ್ಲೆ ಕುಂತು ಬಣ್ಣಾ ಹಚ್ಚೇನಿ. ನಿನ್ನ ಕೈಯಾಗಿನ ಎಣ್ಣಿ ಹತ್ತಿದ್ರ ಕೆಲಸಾ ಕೆಟ್ಟಂಗ.”

ನನ್ನ ಕೈಯ ಎಣ್ಣೆಯಂತೆ! ಅದೇ ಎಣ್ಣೆಯಲ್ಲಿ ಕರಿದ ಮಿರ್ಚಿ ತಿಂದು, ಅದೇ ಬೆರಳಿನಿಂದ ಅವರು ಟ್ಯಾಂಕು ಸರಿಸುತ್ತಿದ್ದರು. ಮಣ್ಣೆತ್ತಿನ ಅಮಾವಾಸ್ಯೆ ನಾಲ್ಕು ದಿನ ದೂರವಿತ್ತು.

ಆ ಅಮಾವಾಸ್ಯೆಗೆ ನಮ್ಮ ಕಡೆ ಮಣ್ಣಿನಲ್ಲಿ ಜೋಡೆತ್ತು ಮಾಡಿ ಪೂಜಿಸುತ್ತೇವೆ. ನನ್ನ ತವರು ಹುನ್ನೂರಿನಿಂದ ಅಣ್ಣ ಪ್ರತಿ ವರ್ಷ ಹೊಲದ ಎರೆಮಣ್ಣು ಚೀಲದಲ್ಲಿ ಕಳಿಸುತ್ತಾನೆ. ಎತ್ತು ಮಾಡಿ, ಅವುಗಳ ಮೇವಿಗೆ ಗ್ವಾದಲಿ ಮಾಡಿ, ಹೋಳಿಗೆ ಎಡೆ ಹಿಡಿದು ಪೂಜೆ ಮುಗಿಸಿದೆ. ಇನ್ನೂ ಒಂದು ಮುಷ್ಟಿ ಮಣ್ಣು ಉಳಿದಿತ್ತು. ಅದರಲ್ಲಿ ಆರು ಟ್ಯಾಂಕು ಮಾಡಿದೆ. ಪೂಜೆಯ ಮಣ್ಣನ್ನು ಹೀಗೆ ಬಳಸಬಹುದೇ ಎಂದು ಒಂದು ಕ್ಷಣ ಅಳುಕಿತು. ಆಮೇಲೆ ಯೋಚಿಸಿದೆ: ಉಳಿದ ಮಣ್ಣನ್ನು ಹಿತ್ತಲಿಗೆ ಚೆಲ್ಲುವುದಕ್ಕಿಂತ ಇದು ಕೆಡುಕಲ್ಲ. ನಳಿಕೆಗೆ ಊದಿನಕಡ್ಡಿಯ ಕಡ್ಡಿ ಸಿಕ್ಕಿಸಿದೆ. ನೆರಳಿನಲ್ಲಿ ಒಣಗಿಸಿ, ನಮ್ಮ ಮನೆದೇವರು ಬೀರಪ್ಪನ ಹೆಸರು ಹೇಳಿ ಒಂದೊಂದಕ್ಕೂ ಭಂಡಾರದ ಅರಿಶಿನದ ಬೊಟ್ಟು ಇಟ್ಟೆ. ಒಂದೂ ಬಿರುಕು ಬಿಡಲಿಲ್ಲ. ಸಣ್ಣದೇ ಇರಬಹುದು, ಆದರೆ ಎರೆಮಣ್ಣು ಒಣಗುವಾಗ ಹೇಗೆ ಸೀಳುತ್ತದೆಂದು ಬಲ್ಲವರಿಗೆ ಇದು ಎಷ್ಟು ದೊಡ್ಡ ಕೃಪೆ ಎಂದು ತಿಳಿಯುತ್ತದೆ.

ಭಾನುವಾರ ತಾಟಿನಲ್ಲಿ ಚಹಾದ ಜೊತೆ ಅವನ್ನೂ ಇಟ್ಟುಕೊಂಡು ಹೋದೆ.

ಬಾಗಿಲಲ್ಲಿ ಕೂತಿದ್ದ ಅತ್ತೆ ಕೇಳಿದರು. “ಏನವಾ, ದಾಳಾ ಮುಟ್ಟಿದ ಕೈಲೆ ದೇವ್ರಿಗೆ ದೀಪಾ ಹಚ್ಚತಿಯೇನು? ಪಗಡಿ ಆಡೇ ಪಾಂಡವರು ಕಾಡು ಸೇರಿದ್ದು.”

“ಕೈ ತೊಳ್ಕೊಂಡು ಹಚ್ಚತೇನ್ರಿ ಅತ್ತಿ. ಕಾಡು ಸೇರಿದ್ದು ಗಂಡಸರು ಆಡಿದ್ದಕ್ಕ. ದ್ರೌಪದಿ ಕೈಯಾಗ ದಾಳಾ ಕೊಟ್ಟಿದ್ರ ಏನಾಗತಿತ್ತೋ ಯಾರಿಗ್ ಗೊತ್ತು.”

ಅತ್ತೆ ಒಂದು ಗಳಿಗೆ ನನ್ನ ಮುಖ ನೋಡಿ, ಅಡಕೊತ್ತಿನಲ್ಲಿ ಅಡಿಕೆ ಕತ್ತರಿಸುವುದನ್ನು ಮುಂದುವರಿಸಿದರು. ಬೇಡವೆಂದು ಮತ್ತೆ ಹೇಳಲಿಲ್ಲ.

ಗಂಡಸರು ತಮಾಷೆಗೆಂದು ವಾರಕ್ಕೊಂದು ಆಟಕ್ಕೆ ಜಾಗ ಬಿಟ್ಟರು. ಮೊದಲ ಮೂರು ಭಾನುವಾರ ಸೋತೆ. ಸೋತ ರೀತಿಗೆ ನನಗೇ ನಾಚಿಕೆ ಬಂತು. ಮಣ್ಣೆತ್ತು ಮಾಡಿದ ಕೈ, ಮಣ್ಣೆತ್ತಿನ ದಿನ ಮಾಡಿದ ಟ್ಯಾಂಕು. ನಾನು ಅವನ್ನು ಮೂರು ಜೋಡಿ ಎಂದೇ ಎಣಿಸಿದ್ದೆ. ಜೋಡಿ ಅಗಲಿಸಲು ಮನಸ್ಸೇ ಬರುತ್ತಿರಲಿಲ್ಲ. ನೊಗ ಹೊತ್ತಂತೆ ಎರಡೆರಡನ್ನೇ ಪಕ್ಕಪಕ್ಕದಲ್ಲಿ, ಸಮಸಮ ಮುಂದೆ ಸರಿಸುತ್ತಿದ್ದೆ. ಎರಡೂ ಸರಿದ ಮೇಲೆ ಎರಡಕ್ಕೂ ಒಂಬತ್ತೇ ಬೇಕು. ಫೌಜಿಯವರು ಪಕ್ಕದಿಂದ ಬಂದು ಒಂದರ ಹಿಂದೆ ಒಂದನ್ನು ಹೊಡೆದು ಹಾಕುತ್ತಿದ್ದರು.

“ವೈನಿ, ಇವು ಹೊಲಾ ಹೂಡಾಕ ಬಂದಿಲ್ರಿ,” ಎಂದು ಅವರು ಅಂದರೆ, ಬ್ಯಾಂಕಿನ ಸಾಹೇಬರು, “ಬಿತ್ತಿಗಿ ಮುಗದ್ಮ್ಯಾಲೆ ಯುದ್ಧಾ ಮಾಡ್ತಾರ ತಗೊರಿ,” ಎನ್ನುತ್ತಿದ್ದರು. ನಮ್ಮವರು ಅವರಿಗಿಂತ ಜೋರಾಗಿ ನಗುತ್ತಿದ್ದರು. ಅದು ಚುಚ್ಚಿತು. ಆದರೂ ಪ್ರತಿ ವಾರ ತಾಟಿನಲ್ಲಿ ಟ್ಯಾಂಕು ಹೊತ್ತು ಹೋಗುವುದನ್ನು ಬಿಡಲಿಲ್ಲ.

ಆ ನಡುವೆ ಒಂದು ದಿನ ಹುನ್ನೂರಿಗೆ ಹೋಗಿದ್ದೆ. ಅಣ್ಣ ಹೊಲದಲ್ಲಿ ಎತ್ತು ಹೂಡಿ ಬೆಳೆಯ ಸಾಲಿನ ನಡುವೆ ಎಡೆಕುಂಟೆ ಹೊಡೆಯುತ್ತಿದ್ದ. ಬುತ್ತಿ ಒಯ್ದು ಬದುವಿನ ಮೇಲೆ ಕೂತೆ. ಸಾಲು ಮುಗಿದು ಎತ್ತು ತಿರುಗುವ ಜಾಗದಲ್ಲಿ ಅಣ್ಣ ಒಳಗಿನ ಎತ್ತಿನ ಹಗ್ಗ ಎಳೆದು, “ಹೋ... ನಿಂದ್ರು,” ಎಂದ. ಅದು ನಿಂತಲ್ಲೇ ಕಾಲು ಬದಲಿಸಿತು. ಹೊರಗಿನದು ಅದರ ಸುತ್ತ ದೊಡ್ಡದಾಗಿ ಬಳಸಿ ಬಂತು. ಹುಟ್ಟಿದಾಗಿನಿಂದ ನೋಡಿದ್ದನ್ನು ಅಂದು ಕಣ್ಣಿಟ್ಟು ನೋಡಿದೆ.

“ಎರಡೂ ಒಮ್ಮೆಲೆ ನಡದ್ರ ಏನಾಗತೈತಿ ಅಣ್ಣಾ?”

“ಹ್ಯಾಂಗ ತಿರಗತಾವ? ಒಂದು ನಿಂತ್ರನ ಇನ್ನೊಂದು ತಿರಗೂದು. ಯಾಕ, ಸಾಲ್ಯಾಗ ಪಾಠಾ ಮಾಡಾಕ ಹೊಂಟಿಯೇನು?”

“ಯುದ್ಧಕ್ಕ ಹೊಂಟೇನಿ,” ಅಂದೆ. ಅವನು ನಾನು ಅತ್ತೆಯೊಂದಿಗೆ ಜಗಳವಾಡಿದ್ದೇನೆಂದು ತಿಳಿದು ಗಾಬರಿಯಾದ. ಪೂರ್ತಿ ಹೇಳಿದ ಮೇಲೆ ಬದುವಿನ ಮೇಲೆ ಬಿದ್ದು ನಕ್ಕ.

ಹಾಗೆ ನನಗೆ ಜೋಡಿಯ ಗುಟ್ಟು ಸಿಕ್ಕಿತು. ಜೋಡಿ ಇರಬೇಕು, ಆದರೆ ಎರಡೂ ಒಟ್ಟಿಗೆ ನಡೆಯಬಾರದು. ಒಂದು ನಿಂತು ಕಾಯಬೇಕು, ಅದರ ನಳಿಕೆಗೆ ಏಳು ಸಾಕು. ಇನ್ನೊಂದು ಬಳಸಿ ಹೋಗಬೇಕು. ಬಳಸಿ ಹೋಗುವುದನ್ನು ಹೊಡೆಯಲು ಎದುರಿನವನು ಮುಖ ತಿರುಗಿಸಿದರೆ ಅವನ ಪಕ್ಕೆ ನಿಂತದ್ದಕ್ಕೆ ಸಿಗುತ್ತದೆ. ತಿರುಗಿಸದಿದ್ದರೆ ಬಳಸಿದ್ದಕ್ಕೆ ಸಿಗುತ್ತದೆ. ಮುಂದಿನ ಪಾಳಿಗೆ ನಡೆದದ್ದು ನಿಲ್ಲಬೇಕು, ನಿಂತದ್ದು ನಡೆಯಬೇಕು.

ಇನ್ನೊಂದು ಮಾತನ್ನು ಫೌಜಿಯವರಿಂದಲೇ ಕಲಿತೆ. ಒಮ್ಮೆ ಚಹಾ ಕೊಡುತ್ತ ಕೇಳಿದ್ದೆ, “ಖರೇ ಟ್ಯಾಂಕಿನ್ಯಾಗ ಕುಂತ್ರ ಹೊರಗಿಂದು ಏನು ಕಾಣತೈತ್ರಿ?” ಅವರು ಕಪ್ಪು ಕೆಳಗಿಟ್ಟರು. ಆ ಪ್ರಶ್ನೆಯನ್ನು ಅವರಿಗೆ ಬಹಳ ಜನ ಕೇಳಿರಲಿಕ್ಕಿಲ್ಲ. “ಕಾಣೂದಿಲ್ರಿ ವೈನಿ. ಇಷ್ಟ ಸಂದಿ,” ಎಂದು ಎರಡು ಬೆರಳು ತೋರಿಸಿದರು. “ಒಳಗ ಬೆಂಕಿಯಂಥ ಸೆಕಿ. ಎದುರಿಗಿಂದಷ್ಟ ಕಾಣತೈತಿ. ಮಗ್ಗಲದಾಗ ಯಾರ್ ಬಂದ್ರೂ ಗೊತ್ತಾಗೂದಿಲ್ಲ.” ಮದುವೆಯಾದ ಹೊಸದರಲ್ಲಿ ನಾನು ಈ ಮನೆಯನ್ನು ಸೆರಗಿನ ಸಂದಿಯಿಂದಲೇ ನೋಡಿದವಳು. ಅಷ್ಟರಲ್ಲಿ ಎಷ್ಟು ಕಾಣುತ್ತದೆ, ಎಷ್ಟು ಕಾಣುವುದಿಲ್ಲ ಎಂದು ನನಗೆ ಬೇರೆ ಯಾರೂ ಹೇಳಿಕೊಡಬೇಕಿರಲಿಲ್ಲ. ಅಂದಿನಿಂದ ಪ್ರತಿ ಪಾಳಿಗೂ ಎದುರಿನ ಟ್ಯಾಂಕಿನೊಳಗೆ ಹೋಗಿ ಕೂತು ನೋಡುತ್ತೇನೆ: ಅವನಿಗೆ ಈಗ ಏನು ಕಾಣುತ್ತಿಲ್ಲ? ನಾನು ಅಲ್ಲಿಗೆ ಹೋಗುತ್ತೇನೆ.

ನಾಲ್ಕನೆಯ ಭಾನುವಾರ ನಮ್ಮವರನ್ನು ಸೋಲಿಸಿದೆ. ಗುಡ್ಡದ ಮೇಲೆ ನನ್ನವು ಮೂರು, ಅವರದೊಂದೂ ಇಲ್ಲ. ಅವರು ಎದ್ದು ಹೋಗಿ ಚಪ್ಪಲಿ ಮೆಟ್ಟಿಕೊಂಡು ಎಲೆ ಅಡಿಕೆ ತರುವ ನೆಪದಲ್ಲಿ ಅರ್ಧ ತಾಸು ಬರಲೇ ಇಲ್ಲ. ಬ್ಯಾಂಕಿನ ಸಾಹೇಬರು ಈ ಸಲ ನಗಲಿಲ್ಲ. ಫೌಜಿಯವರು ನನ್ನ ಒಂದು ಟ್ಯಾಂಕನ್ನು ಅಂಗೈಯಲ್ಲಿಟ್ಟು ತಿರುಗಿಸಿ ನೋಡಿದರು.

ನಮ್ಮವರು ಬಂದ ಮೇಲೆ ಫೌಜಿಯವರೇ ಮಾತು ತೆಗೆದರು. ಅವರ ದನಿಯಲ್ಲಿ ಸಿಟ್ಟಿರಲಿಲ್ಲ, ಅದೇ ನನಗೆ ಕಷ್ಟವಾಯಿತು. “ವೈನಿ, ತಪ್ಪ ತಿಳೀಬ್ಯಾಡ್ರಿ. ನಮಗ ಇದು ಬರೇ ಆಟ ಅಲ್ಲ. ವಾರಕ್ಕೊಮ್ಮೆ ನಾವ್ ಮೂರು ಮಂದಿ ಕೂಡೂದು ಇದೊಂದಕ್ಕ. ಈಗ ಮಣ್ಣಿನ ಟ್ಯಾಂಕು, ಭಂಡಾರ, ನಗಿಚಾಟಿಕಿ. ಹಿಂಗಾದ್ರ ಆಟದ ಗತ್ತು ಉಳಿಯೂದಿಲ್ಲ. ಒಂದ್ ಕೆಲಸಾ ಮಾಡೂಣು. ಮುಂದಿನ ಐತವಾರ ನನ್ನ ಕೂಡ ಆಡ್ರಿ. ಗೆದ್ರ ಕಾಯಂ ಕೂಡ್ರಿ. ಸೋತ್ರ ಮೊದಲಿನಂಗ ನಿಂತು ನೋಡ್ರಿ. ಆತಲ್ಲ?”

ಮೂವರೂ ನನ್ನ ಕಡೆ ನೋಡಿದರು. ಹೂಂ ಎನ್ನುವುದು ಸುಲಭವಿತ್ತು. ದೇವರ ಹೆಸರು ಹೇಳುವ ಬಾಯಿಂದ ಹೂಂ ಅಂದರೆ ಅದನ್ನು ನಡೆಸಬೇಕಾಗುತ್ತದೆ. ಅದಕ್ಕೇ ಎಚ್ಚರದಿಂದ ಹೇಳಿದೆ.

“ಆಟಾ ಆಡ್ತೇನ್ರಿ. ಶರತ್ತಿಗೆ ನಾ ಹೂಂ ಅಂದಿಲ್ಲ. ನೆನಪ ಇಟ್ಗೊಳ್ರಿ, ಮೂರೂ ಮಂದಿ ಕೇಳೀರಿ.”

“ಹಂಗಂದ್ರ?” ಎಂದರು ನಮ್ಮವರು.

“ಹಂಗಂದ್ರ ಹಂಗ.”

ಆ ವಾರವಿಡೀ ಮನೆಯಲ್ಲಿ ಮಾತು ಕಡಿಮೆ. ಬುಧವಾರ ಅವರು, “ಸುಮ್ನ ಯಾಕ ಹಟಾ ಮಾಡ್ತಿ? ಮನ್ಯಾಗ ಮಾಡಾಕ ಏನೂ ಕೆಲಸಿಲ್ಲೇನು?” ಎಂದರು. ಕೆಲಸ ಇತ್ತು. ಎಲ್ಲವನ್ನೂ ಮಾಡಿಯೇ ಕೂಡುತ್ತಿದ್ದೆ. ಈ ಮನೆಗೆ ಬಂದು ಇಪ್ಪತ್ತು ವರ್ಷಗಳ ಮೇಲಾಯಿತು. ಪಡಸಾಲೆಯಲ್ಲಿ ನಾಲ್ಕು ಜನರ ನಡುವೆ ಕೂತು, ನನ್ನ ತಲೆ ಹೇಳಿದಂತೆ ಕೈ ಸರಿಸಿದ್ದು ಆ ಹಲಗೆಯ ಮುಂದೆಯೇ. ಅದನ್ನು ಒಂದು ಸೋಲಿಗೆ ಬಿಟ್ಟುಕೊಡಲು ನಾನು ತಯಾರಿರಲಿಲ್ಲ. ಸೋಲಬಹುದು ಎಂದು ನನಗೆ ಚೆನ್ನಾಗಿ ಗೊತ್ತಿತ್ತು. ಅವರು ಫೌಜಿ. ನಾನು ನಾಲ್ಕು ಆಟ ಆಡಿದವಳು.

ಭಾನುವಾರ ಬಂತು. ನಳದ ನೀರು ಬೆಳಿಗ್ಗೆ ಏಳಕ್ಕೇ ಬಂತು, ಅದೊಂದು. ಅತ್ತೆಯವರ ಮೊಣಕಾಲು ಅಂದು ನೋಯಲಿಲ್ಲ, ಎರಡು. ಫ್ಯಾನು ತಿರುಗುತ್ತಿತ್ತು, ಮೂರು. ಹೀಗೆ ಎಣಿಸಿಕೊಂಡೇ ಹೋಗಿ ಕೂತೆ. ಅತ್ತೆ ತಮ್ಮ ಕುರ್ಚಿಯನ್ನು ಬಾಗಿಲಿನಿಂದ ಒಳಗೆ, ಹಲಗೆಯ ಹತ್ತಿರಕ್ಕೆ ಎಳೆಸಿಕೊಂಡಿದ್ದರು.

ಮೊದಲ ಎರಡು ಪಾಳಿ ನಾನು ಒಂದು ಗುಂಡೂ ಹಾರಿಸಲಿಲ್ಲ. ನಮ್ಮವರು ಡ್ರಾಯಿಂಗ್ ಪುಸ್ತಕ ಒಟ್ಟಿ ಮಾಡಿದ ದಿಬ್ಬದ ಹಿಂದೆ ನಾಲ್ಕನ್ನು ನಿಲ್ಲಿಸಿ, ನಳಿಕೆಯಷ್ಟೇ ಹೊರಗೆ ಕಾಣುವಂತೆ ಇಟ್ಟೆ. ಹೊಸಬರು ಇದನ್ನೂ ಗಮನಿಸಬೇಕು: ದಿಬ್ಬದ ನೆತ್ತಿಗೆ ಹತ್ತಬೇಡಿ, ದಿಬ್ಬದ ಹಿಂದೆ ಅಡಗಿ ನಿಲ್ಲಿ. ಫೌಜಿಯವರೂ ಜಾಣರು, ಅವರೂ ಕಾದರು.

“ಇದೇನ್ ಯುದ್ಧನೋ, ಮೌನವ್ರತನೋ?” ಎಂದರು ಅಂಪೈರಾಗಿದ್ದ ಬ್ಯಾಂಕಿನ ಸಾಹೇಬರು.

“ನೀ ಸುಮ್ಮನಿರೋ ತಮ್ಮಾ,” ಎಂದು ಅತ್ತೆ ಗದರಿದರು.

ಮೂರನೆಯ ಪಾಳಿಗೆ ಎಡಜೋಡಿಯ ಹೊರಗಿನದನ್ನು ಸರಿಸಿ, ಅವರ ಮುಂದಿನ ಟ್ಯಾಂಕಿನಿಂದ ಮೂರು ಗೇಣಿಗೆ ಹೆಬ್ಬೆರಳಿನಷ್ಟು ಹೆಚ್ಚು ದೂರದಲ್ಲಿ ನಿಲ್ಲಿಸಿದೆ. ಪಕ್ಕೆ ಪೂರ್ತಿ ಬಯಲಿಗಿತ್ತು. ಫೌಜಿಯವರಿಗೆ ತಡೆಯಲಾಗಲಿಲ್ಲ. “ಹೊಡದೆ,” ಎಂದರು. ಟೇಪು ಹಾಕಿದರೆ ಇಪ್ಪತ್ತೈದು ಇಂಚು. ಗುಂಡು ದಂಡವಾಯಿತು. ಅವರು ತಲೆಯೆತ್ತಿ ನನ್ನನ್ನು ನೋಡಿದರು. ಆ ನೋಟದಲ್ಲಿ ಮೊದಲ ಸಲ ಎದುರಿಗೆ ಒಬ್ಬ ಆಟಗಾರ್ತಿಯನ್ನು ಕಂಡ ಎಚ್ಚರವಿತ್ತು. ನಿಂತಿದ್ದ ನನ್ನ ಒಳಗಿನ ಎತ್ತು ಏಳು ಕೇಳಿತು, ಒಂಬತ್ತು ಬಿತ್ತು. ಹೊಡೆಯಲು ಮುಖ ತಿರುಗಿಸಿದ್ದ ಅವರ ಟ್ಯಾಂಕು ಪಕ್ಕೆಗೆ ಬಡಿಸಿಕೊಂಡು ಹೋಯಿತು.

ಐದನೆಯ ಪಾಳಿಯ ಕೊನೆಗೆ ಅವರಲ್ಲಿ ಮೂರು, ನನ್ನಲ್ಲಿ ನಾಲ್ಕು. ಆಮೇಲೆ ನಾನು ತಪ್ಪಿದೆ. ಇದನ್ನು ಮುಚ್ಚಿಡುವುದಿಲ್ಲ, ತಪ್ಪು ದಾಳದ್ದಲ್ಲ, ನನ್ನದೇ. ಗುಡ್ಡ ಖಾಲಿ ಕಂಡಿತು. ಗೆದ್ದೇ ಬಿಟ್ಟೆ ಎಂಬ ಸಂತೋಷದಲ್ಲಿ ಬಲಜೋಡಿಯ ಎರಡನ್ನೂ ಒಟ್ಟಿಗೆ ಗುಡ್ಡಕ್ಕೆ ಹತ್ತಿಸಿದೆ. ಅಣ್ಣನ ಹೊಲ ಮರೆತು ಹೋಯಿತು. ಫೌಜಿಯವರು ಇದಕ್ಕಾಗಿಯೇ ತೆಂಗಿನ ನಾರಿನ ಗಿಡದ ಹಿಂದೆ ಎರಡನ್ನು ಕಾಯಿಸಿಟ್ಟಿದ್ದರು. ಆರನೆಯ ಪಾಳಿಯಲ್ಲಿ ಒಂದು ಹೋಯಿತು, ಏಳನೆಯದರಲ್ಲಿ ಇನ್ನೊಂದು. ಅವರದೂ ಎರಡನ್ನು ನನ್ನ ಎಡಜೋಡಿ ಕೆಡವಿತು, ಆದರೆ ಆ ಜೋಡಿಯ ಹೊರಗಿನದು ಆ ಹೊತ್ತಿಗೆ ಬೆನ್ನಿಗೆ ಪೆಟ್ಟು ತಿಂದಿತ್ತು.

ಕೊನೆಯ ಪಾಳಿಗೆ ಅವರದೊಂದು, ನನ್ನದೊಂದು. ನನ್ನದು, ಎಡಜೋಡಿಯ ಒಳಗಿನದು, ಅಷ್ಟರಲ್ಲಿ ಗುಡ್ಡ ಹತ್ತಿ ನಿಂತಿತ್ತು. ಪಾಳಿ ನನ್ನದು. ನಿಂತಲ್ಲಿಂದಲೇ ಹೊಡೆದೆ, ಏಳು ಬೇಕಿತ್ತು. ನಾಲ್ಕು ಮತ್ತು ಎರಡು ಬಿದ್ದವು. ಆರು.

ಫೌಜಿಯವರು ಸರಿದು ನನ್ನ ಪಕ್ಕೆಗೆ ಬಂದರು. ಒಂಬತ್ತು ಬೇಕು. ದಾಳವನ್ನು ಅಂಗೈಯಲ್ಲಿ ಬಹಳ ಹೊತ್ತು ಹಿಡಿದಿದ್ದು ಉರುಳಿಸಿದರು. ಐದು, ಐದು.

ನನ್ನ ಟ್ಯಾಂಕನ್ನು ನಾನೇ ಎತ್ತಿ ಪಕ್ಕಕ್ಕಿಟ್ಟೆ. ಅತ್ತೆ ಅಡಕೊತ್ತು ಮುಚ್ಚಿದ ಸಪ್ಪಳ ಕೇಳಿಸಿತು. ನಮ್ಮವರು ಕೆಮ್ಮಿ, “ಛಲೋ ಆಡಿದಿ ಬಿಡು. ಆತು, ಏಳಿನ್ನ. ಚಾ ಇಡು,” ಎಂದರು. ದನಿ ಮೆತ್ತಗಿತ್ತು. ಏಳುವುದು ಅವರಿಗೆ ಅಷ್ಟು ಸಹಜವಾಗಿ ಕಂಡಿತ್ತು.

ನಾನು ಏಳಲಿಲ್ಲ. ತಾಟನ್ನು ಹತ್ತಿರ ಎಳೆದುಕೊಂಡು, ಸತ್ತ ಟ್ಯಾಂಕುಗಳನ್ನು ಒಂದೊಂದಾಗಿ ತೆಗೆದು ನನ್ನ ತುದಿಯಲ್ಲಿ ಜೋಡಿ ಜೋಡಿಯಾಗಿ ನಿಲ್ಲಿಸತೊಡಗಿದೆ.

“ಏನ್ ಮಾಡಾಕತ್ತಿ?” ಎಂದರು ನಮ್ಮವರು.

“ಎರಡನೇ ಆಟಕ್ಕ ಇಡಾಕತ್ತೇನಿ.”

“ಸೋತೆಲ್ಲ?”

“ಸೋತೆ. ನೀವು ಎರಡು ವರ್ಷ ಎಷ್ಟ್ ಸಲ ಸೋತೀರಿ? ನಿಮ್ಮನ್ನ ಯಾರರೆ ಏಳಸ್ಯಾರೇನು? ಹೋದ ತಿಂಗಳ ಈ ಸಾಹೇಬ್ರು ಒಂದ ದಿನ ಮೂರ್ ಆಟಾ ಸೋತ್ರು. ಅವ್ರಿಗೆ ಚಾ ಮಾಡ್ ಹೋಗ್ರಿ ಅಂದ್ರೇನು?”

“ಆದ್ರ ಶರತ್ತು...” ಎಂದರು ಬ್ಯಾಂಕಿನ ಸಾಹೇಬರು.

“ಶರತ್ತಿಗೆ ಆಕಿ ಹೂಂ ಅಂದಿದ್ದಿಲ್ಲ,” ಎಂದರು ಫೌಜಿಯವರು. ಅವರು ನನ್ನ ಕಡೆ ನೋಡಲಿಲ್ಲ; ಟೇಪನ್ನು ಸುತ್ತುತ್ತಿದ್ದರು. “ನಾ ಕೇಳೇನಿ. ಹೂಂ ಅಂದಿದ್ದಿಲ್ಲ.”

ಆಮೇಲೆ ಅವರು ತಮ್ಮ ಸ್ಟೂಲನ್ನು ಹಲಗೆಯ ಹತ್ತಿರ ಸರಿಸಿಕೊಂಡರು. “ಕಡಿ ಬದಲಿ ಮಾಡೂದೇನ್ರಿ ವೈನಿ? ಈ ಕಡಿ ದಿಬ್ಬಾ ಛಲೋ ಅದಾವ.”

“ಬ್ಯಾಡ್ರಿ. ಕುಂತಲ್ಲೇ ಕೂಡತೇನಿ,” ಅಂದೆ, ಆರನೆಯ ಟ್ಯಾಂಕನ್ನು ಅದರ ಜೋಡಿಯ ಪಕ್ಕ ಇಡುತ್ತ. “ಮೊದಲ ಪಾಳಿ ನಿಮ್ದು.”